ಮಿಸ್ಸಿನ ಗಂಟಲು

ಮಿಸ್ಸಿಗೆ ಮದುವೆಯಾಗಿ, ಮಗಳನ್ನು ಹೆತ್ತು, ಆ ಮಗಳ ಮದುವೆಯನ್ನೂ ಮಾಡಿ ಕಳಿಸಿ ಆಗಿತ್ತು. ಆದರೂ ಬೀದಿಗೆಲ್ಲ ಅವಳು ಮಿಸ್ಸೇ. ತರಕಾರಿಯವಳಿಗೆ ಮಿಸ್ಸು, ಹಾಲಿನವನಿಗೆ ಮಿಸ್ಸು. ಗಂಡ ಕೂಡ ಜಗಳದಲ್ಲಿ ಸೋತಾಗ "ಆಯ್ತು ಮಿಸ್, ತಪ್ಪಾಯ್ತು ಮಿಸ್" ಎಂದು ಕೈಕಟ್ಟಿ ನಿಲ್ಲುತ್ತಿದ್ದರು. ಅಪ್ಪ ಅಮ್ಮ ಇಟ್ಟ ಹೆಸರು ಬ್ಯಾಂಕಿನ ಪಾಸ್‌ಬುಕ್ಕಿನಲ್ಲಿ ಇತ್ತು. ಇದ್ದರೆ ಇರಲಿ ಎಂದು ಎಲ್ಲರೂ ಅದನ್ನು ಅಲ್ಲಿಯೇ ಬಿಟ್ಟಿದ್ದರು.

ಅವಳ ಕೆಲಸ ದೊಡ್ಡವರಿಗೆ ಇಂಗ್ಲಿಷ್ ಮಾತು ಕಲಿಸುವುದು. ಮೀಸೆ ನರೆತವರಿಗೆ, ಮೊಣಕಾಲು ಸವೆದವರಿಗೆ, ದಿನವಿಡೀ ದುಡಿದು ಸಂಜೆ ಬೆವರೊರೆಸಿಕೊಳ್ಳುತ್ತ ಬಂದು ಬೆಂಚಿನ ಮೇಲೆ ಕುಸಿಯುವವರಿಗೆ. ದರ್ಜಿ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಬೀದಿಗೆ ತೆರೆದ ಒಂದೇ ಕಿಟಕಿ. ತಿರುಗುವುದಕ್ಕಿಂತ ಹೆಚ್ಚು ನರಳುವ ಫ್ಯಾನು. ಒರೆಸಿ ಒರೆಸಿ ಬೂದು ಬಣ್ಣಕ್ಕೆ ತಿರುಗಿದ ಕರಿಹಲಗೆ. ಕೆಳಗೆ ಹೊಲಿಗೆ ಯಂತ್ರ ಸದ್ದು ಮಾಡಿದರೆ ಮೇಲೆ ಮಿಸ್ಸು ಇನ್ನೂ ಗಟ್ಟಿಯಾಗಿ ಹೇಳಬೇಕು, ಮಿಸ್ಸು ಗಟ್ಟಿಯಾಗಿ ಹೇಳಿದರೆ ದರ್ಜಿ ಕೋಲಿನಿಂದ ಚಾವಣಿ ಕುಟ್ಟಬೇಕು. ಇದು ವರ್ಷಗಟ್ಟಲೆ ನಡೆದುಕೊಂಡು ಬಂದ ವ್ಯವಸ್ಥೆ.

ಈ ಕ್ಲಾಸು ನಡೆಸುವವರನ್ನು ಎಲ್ಲರೂ ಪ್ರಿನ್ಸಿಪಾಲರು ಎನ್ನುತ್ತಿದ್ದರು. ಆ ಮನುಷ್ಯ ಜನ್ಮದಲ್ಲಿ ಒಂದು ಪಾಠ ಮಾಡಿದವರಲ್ಲ. ಬಾಗಿಲ ಬಳಿ ಮೇಜು ಹಾಕಿಕೊಂಡು ಜನರನ್ನು ಸೇರಿಸಿಕೊಳ್ಳುವುದು ಅವರ ಕೆಲಸ, ಸೇರಿದವರ ನಾಲಿಗೆ ತಿದ್ದುವುದು ಮಿಸ್ಸಿನ ಕೆಲಸ. ಬೆಳಿಗ್ಗೆ ಒಂದು ತಂಡ, ಸಂಜೆ ಎರಡು. ಬೆಂಚಿನಲ್ಲಿ ಜಾಗವಿಲ್ಲದಿದ್ದರೂ ಪ್ರಿನ್ಸಿಪಾಲರು ಯಾರಿಗೂ ಇಲ್ಲ ಎಂದವರಲ್ಲ. ಇಲ್ಲ ಎನ್ನುವುದು ಮಿಸ್ಸಿಗೂ ಬರುತ್ತಿರಲಿಲ್ಲ, ಅದೇ ತೊಂದರೆ.

ಸಂಜೆಯ ಪಾಠ ಶುರುವಾಗುತ್ತಿದ್ದದ್ದು ಒಂದೇ ಪ್ರಶ್ನೆಯಿಂದ. "ಇವತ್ತು ನಿಮ್ಮನ್ನ ಸೋಲಿಸಿದ ಪದ ಯಾವುದು?"

ಬಂದವರೆಲ್ಲ ಕೆಲಸದ ಜಾಗದಲ್ಲಿ ತಮ್ಮ ಮಾನ ಕಳೆದ ಒಂದು ಪದವನ್ನು ತಂದು ಒಪ್ಪಿಸಬೇಕು. ಆಫೀಸಿನ ಗೇಟು ಕಾಯುವ ಮುದುಕ, ಎಲ್ಲರಿಗೂ ಸೆಕ್ಯೂರಿಟಿ ತಾತ, ಎದ್ದು ನಿಂತು "ವಿಜಿಟರ್ ಅಂದೆ ಮಿಸ್, ಬಂದ ಹುಡುಗಿ ಕಿಸಕ್ಕನೆ ನಕ್ಕುಬಿಟ್ಟಳು" ಎನ್ನುತ್ತಿದ್ದ. ಮಿಸ್ಸು ಅವನ ಎದುರು ಹೋಗಿ ನಿಲ್ಲುತ್ತಿದ್ದಳು. "ಜ ಅಲ್ಲ ತಾತ. ಹಲ್ಲು ಕೂಡಿಸಿ ಮೊದಲು ಸ ಅನ್ನಿ. ಹಾವಿನ ಹಾಗೆ. ಹಾಂ. ಈಗ ಅದಕ್ಕೇ ದನಿ ಸೇರಿಸಿ. ಗಂಟಲ ಮೇಲೆ ಬೆರಳಿಡಿ, ಒಳಗೆ ದುಂಬಿ ಗುಂಯ್ ಅನ್ನಬೇಕು." ತಾತ ಗಂಟಲು ಹಿಡಿದುಕೊಂಡು ಗುಂಯ್‌ಗುಟ್ಟುವಾಗ ಹಿಂದಿನ ಬೆಂಚಿನವರು ನಗುತ್ತಿದ್ದರು. ತಮ್ಮ ಸರದಿ ಬಂದಾಗ ಅವರೂ ಗಂಟಲು ಹಿಡಿದುಕೊಳ್ಳುತ್ತಿದ್ದರು.

ಒಂದು ಪದ ಬಂತೆಂದರೆ ಮಿಸ್ಸು ಅದನ್ನು ಮೊದಲು ಬಿಡಿಸಿ ಹೇಳಬೇಕು, ಆಮೇಲೆ ಕೂಡಿಸಿ ಹೇಳಬೇಕು, ಆಮೇಲೆ ವಾಕ್ಯದಲ್ಲಿ ಹಾಕಿ ಹೇಳಬೇಕು. ತಂಡ ಹೇಳುತ್ತದೆ. ಅದಾದ ಮೇಲೆ ಒಬ್ಬೊಬ್ಬರ ಮುಂದೆ ನಿಂತು ಮತ್ತೆ ಹೇಳಬೇಕು, ಯಾಕೆಂದರೆ ಅವರಿಗೆಲ್ಲ ಇಂಗ್ಲಿಷ್ ಎಂದರೆ ಪುಸ್ತಕವಲ್ಲ, ಮಿಸ್ಸಿನ ಬಾಯಿ. ಅವಳು ತುಟಿ ಉರುಟು ಮಾಡಿದರೆ ಅವರ ತುಟಿಯೂ ಉರುಟು. ಅವಳು ಕೆಮ್ಮಿ ಹೇಳಿದರೆ ಕೆಮ್ಮೂ ಪಾಠದಲ್ಲಿ ಸೇರುತ್ತಿತ್ತು. ಮಾತಾಡಲು ಏನು ಖರ್ಚು ಎನ್ನುವವರು ಒಂದೇ ಒಂದು ಸಂಜೆ ಆ ಕೋಣೆಯಲ್ಲಿ ನಿಂತು "ವಾಟರ್" ಎಂದು ನಲವತ್ತು ಜನರ ಎದುರು ಹೇಳಿ ನೋಡಲಿ. ಮನೆಗೆ ಹೋದ ಮೇಲೆ ಒಂದು ಲೋಟ ನೀರು ಕೇಳಲೂ ಬೇಜಾರಾಗುತ್ತದೆ.

ಮನೆಯಲ್ಲಿ ಕೇಳುವ ಅಗತ್ಯವೂ ಇರಲಿಲ್ಲ, ಅವಳೇ ಎದ್ದು ಕುಡಿಯಬೇಕು. ಗಂಡ ನೀರಿನ ಮೀಟರು ನೋಡುವ ಕೆಲಸದಿಂದ ನಿವೃತ್ತರು. ಜೀವಮಾನವೆಲ್ಲ ಮನೆಮನೆ ಬಾಗಿಲಲ್ಲಿ ನಿಂತು ಕೂಗಿದವರಾದ್ದರಿಂದ ಈಗಲೂ ಒಂದು ಕೋಣೆಯಿಂದ ಇನ್ನೊಂದು ಕೋಣೆಗೆ ಕೂಗಿಯೇ ಮಾತು. ಕೆಟ್ಟವರಲ್ಲ, ಕೇಳಿಸಿಕೊಳ್ಳುವ ಅಭ್ಯಾಸ ಇಲ್ಲ ಅಷ್ಟೆ. ಅತ್ತೆಗೆ ಕಿವಿ ಮಂದ. ಅವರ ಹತ್ತಿರ ಕುಳಿತು ಮಾತ್ರೆ ನುಂಗಿದಿರಾ ಎಂದು ಕೇಳಲು ಮಿಸ್ಸು ಕ್ಲಾಸಿನಲ್ಲಿ ಉಳಿಸಿಕೊಂಡು ಬಂದ ದನಿಯನ್ನೆಲ್ಲ ಖರ್ಚು ಮಾಡುತ್ತಿದ್ದಳು. ಅತ್ತೆ ಮಾತ್ರ ನೆಂಟರು ಬಂದಾಗ "ನನ್ನ ಸೊಸೆ ಬಂಗಾರ, ಆದ್ರೆ ಬಾಯಿ ಬಿಟ್ಟು ಒಂದು ಮಾತಾಡೋಳಲ್ಲ" ಎಂದು ದೂರುತ್ತಿದ್ದರು. ಕಿವುಡರ ಮುಂದೆ ಕಿನ್ನರಿ ಬಾರಿಸಿದರೂ ಬಾರಿಸಿದವರ ಕೈ ನೋಯುವುದು ನೋಯುತ್ತದೆ.

ದನಿ ಒಡೆದದ್ದು ಒಂದು ಸಂಜೆ ಎರಡನೆಯ ತಂಡದಲ್ಲಿ. ಮಿಸ್ಸು ಬಾಯಿ ತೆರೆದಳು, ತುಟಿ ಅಲುಗಿತು, ಸದ್ದು ಬರಲಿಲ್ಲ. ಮತ್ತೆ ಪ್ರಯತ್ನಿಸಿದಾಗ ಬಂದದ್ದು ಅವಳ ದನಿಯಲ್ಲ, ತುಕ್ಕು ಹಿಡಿದ ಬಾಗಿಲಿನ ಸದ್ದು. ಬಿಸಿನೀರು, ಉಪ್ಪುನೀರು, ಜೇನು, ಕುತ್ತಿಗೆಗೆ ಉಣ್ಣೆ ಬಟ್ಟೆ ಎಲ್ಲ ಆಯಿತು. ಬೆಳಿಗ್ಗೆ ಸ್ವಲ್ಪ ಬರುತ್ತಿತ್ತು, ಸಂಜೆಗೆ ಮತ್ತೆ ಹೋಗುತ್ತಿತ್ತು. ಕೊನೆಗೆ ಮಗಳು ಫೋನಿನಲ್ಲಿ ಅತ್ತು ಜಗಳ ಮಾಡಿದ ಮೇಲೆ ದೊಡ್ಡ ಆಸ್ಪತ್ರೆಯ ಗಂಟಲ ಡಾಕ್ಟರ ಹತ್ತಿರ ಹೋದಳು.

ಡಾಕ್ಟರು ಸಣ್ಣ ಕ್ಯಾಮೆರಾ ಇಳಿಸಿ ಪರದೆಯ ಮೇಲೆ ತೋರಿಸಿದರು. ಎರಡು ಬಿಳಿ ಎಳೆಗಳು, ಎರಡರ ಅಂಚಿನಲ್ಲೂ ಸಾಸಿವೆ ಕಾಳಿನಂಥ ಗಂಟು. ಇಷ್ಟು ಸಣ್ಣ ಎಳೆಗಳನ್ನು ನಂಬಿಕೊಂಡು ಇಷ್ಟು ವರ್ಷ ಸಂಸಾರ ನಡೆಸಿದೆನೇ ಎಂದು ಮಿಸ್ಸಿಗೆ ಗಾಬರಿಯಾಯಿತು.

"ಮಾತು ನಿಲ್ಲಿಸಿ," ಎಂದರು ಡಾಕ್ಟರು. "ಗಂಟಲಿಗೆ ಪೂರ್ತಿ ರೆಸ್ಟ್ ಕೊಡಿ. ಕಮ್ಮಿ ಆಗದಿದ್ರೆ ಆಪರೇಷನ್. ಹೀಗೇ ಉಜ್ಜುತ್ತಾ ಹೋದ್ರೆ ಆಪರೇಷನ್ ಆದ್ಮೇಲೂ ದನಿ ವಾಪಸ್ ಬರುತ್ತೆ ಅಂತ ನಾನು ಮಾತು ಕೊಡಲಾರೆ."

ಅಂದಿನಿಂದ ಮನೆಯಲ್ಲಿ, ಕ್ಲಾಸಿನಲ್ಲಿ, ಫೋನಿನಲ್ಲಿ ಎಲ್ಲರದ್ದೂ ಒಂದೇ ಮಾತು. ಮಿಸ್ಸಿನ ದನಿ ಉಳಿಯುತ್ತದೋ ಇಲ್ಲವೋ? ಬಾಯಿದ್ದವರು ಬರದಲ್ಲೂ ಬದುಕಿಯಾರು. ಬಾಯಿಯನ್ನೇ ನಂಬಿಕೊಂಡ ಮಿಸ್ಸು ಅದು ಹೋದರೆ ಏನು ಮಾಡಬೇಕು? ಭಯ ಅವಳಿಗೂ ಇತ್ತು. ಸ್ನಾನದ ಕೋಣೆಯಲ್ಲಿ ನಲ್ಲಿ ಬಿಟ್ಟುಕೊಂಡು ಮೆಲ್ಲಗೆ ತನ್ನ ಹೆಸರು ತಾನೇ ಹೇಳಿಕೊಂಡು ನೋಡುತ್ತಿದ್ದಳು, ಬರುತ್ತದೆಯೇ ಎಂದು.

ಪ್ರಿನ್ಸಿಪಾಲರು ಹಣ್ಣು ಹಿಡಿದುಕೊಂಡು ಮನೆಗೆ ಬಂದರು. ಅಯ್ಯೋ ಎಂದರು, ಆರೋಗ್ಯವೇ ಭಾಗ್ಯ ಎಂದರು, ಎದ್ದು ನಿಂತು ಚಪ್ಪಲಿ ಹಾಕಿಕೊಳ್ಳುವಾಗ ನಿಜವಾದ ಮಾತು ತೆಗೆದರು. "ಈ ತಂಡ ಒಂದು ಮುಗಿಸಿಕೊಡಿ ಮಿಸ್. ಮೆತ್ತಗೆ, ನಿಧಾನವಾಗಿ, ನಿಮ್ಮ ಗಂಟಲಿಗೆ ಆಗುವಷ್ಟು. ಜನ ನಿಮ್ಮ ಮುಖ ನೋಡಿ ಸೇರಿದ್ದಾರೆ."

ಆಗುವುದಿಲ್ಲ ಎನ್ನಲು ಒಳ್ಳೆಯ ಸಮಯ ಅದು. ಡಾಕ್ಟರ ಚೀಟಿ ಮೇಜಿನ ಮೇಲೆಯೇ ಇತ್ತು. ಮಿಸ್ಸು ತಲೆಯಾಡಿಸಿದಳು, ಅದೂ ಒಪ್ಪಿಗೆಯ ಕಡೆಗೆ. ಈ ಹೆಂಗಸಿನ ತಲೆಗೆ ಇನ್ನೊಂದು ದಿಕ್ಕಿಗೆ ಆಡುವ ಅಭ್ಯಾಸವೇ ಇರಲಿಲ್ಲ.

ಉಪಾಯ ಅವಳೇ ಕಂಡುಕೊಂಡಳು. ಪಿಸುಮಾತಿನಲ್ಲಿ ಪಾಠ. ದನಿ ತೆಗೆದರಲ್ಲವೇ ಗಂಟಲು ಸವೆಯುವುದು, ಬರೀ ಉಸಿರಿನಲ್ಲಿ ಹೇಳಿದರೆ ಏನಾದೀತು ಎಂಬುದು ಅವಳ ಲೆಕ್ಕ. ಬೆಂಚುಗಳನ್ನು ಹತ್ತಿರ ಎಳೆಸಿ, ಫ್ಯಾನು ಆರಿಸಿ, ಎಲ್ಲರ ನಡುವೆ ಕುರ್ಚಿ ಹಾಕಿಕೊಂಡು ಕುಳಿತಳು. ತುಟಿ, ಹಲ್ಲು, ನಾಲಿಗೆಯ ತುದಿ ಎಲ್ಲವೂ ಮೊದಲಿನಷ್ಟೇ ಅಚ್ಚುಕಟ್ಟು, ಸದ್ದು ಮಾತ್ರ ಇಲ್ಲ. ಜನರೂ ಮುಂದಕ್ಕೆ ಬಾಗಿ ಕುಳಿತು ಕಿವಿಗೊಟ್ಟು ಕೇಳುತ್ತಿದ್ದರು. ಇಷ್ಟು ಗಮನ ಇಟ್ಟು ಅವಳ ಪಾಠವನ್ನು ಅವರು ಎಂದೂ ಕೇಳಿದ್ದಿಲ್ಲ. ಕೆಳಗೆ ದರ್ಜಿ ಕೋಲನ್ನು ಮೂಲೆಗಿಟ್ಟು, ಮೇಲಿನವರು ಖಾಲಿ ಮಾಡಿದರೋ ಏನೋ ಎಂದು ವಿಚಾರಿಸಿಕೊಂಡು ಹೋಗಲು ಒಂದು ದಿನ ಮೆಟ್ಟಿಲು ಹತ್ತಿ ಬಂದಿದ್ದ.

ಆ ತಂಡದಲ್ಲಿ ವಾರ್ಡಿನಕ್ಕ ಎಂದೊಬ್ಬಳಿದ್ದಳು. ಮಿಸ್ಸು ತೋರಿಸಿಕೊಂಡ ಅದೇ ದೊಡ್ಡ ಆಸ್ಪತ್ರೆಯಲ್ಲಿ ನೆಲ ಒರೆಸುವ ಕೆಲಸ. ಫಿನಾಯಿಲಿನಿಂದ ಬೆರಳ ತುದಿ ಬಿರುಕುಬಿಟ್ಟಿತ್ತು, ಬಗ್ಗಿ ಬಗ್ಗಿ ಸೊಂಟ ಹೋಗಿತ್ತು. ಕೈ ಕೆಸರಾದರೆ ಬಾಯಿ ಮೊಸರು ಎಂದು ಯಾರಾದರೂ ಅವಳೆದುರು ಹೇಳಿದರೆ, "ಕೆಸರು ನೋಡಿದೀನಿ, ಮೊಸರು ಇನ್ನೂ ಬಂದಿಲ್ಲ" ಎನ್ನುತ್ತಿದ್ದಳು. ಆಸ್ಪತ್ರೆಯ ವಿಚಾರಣೆ ಕೌಂಟರಿಗೆ ಒಳಗಿನವರಲ್ಲೇ ಒಬ್ಬರನ್ನು ತೆಗೆದುಕೊಳ್ಳುವವರಿದ್ದರು. ಕುಳಿತು ಮಾಡುವ ಕೆಲಸ. ದೂರದ ಊರುಗಳಿಂದ, ಬೇರೆ ಬೇರೆ ಭಾಷೆಯವರು ಬರುವ ಜಾಗವಾದ್ದರಿಂದ ಇಂಗ್ಲಿಷಿನಲ್ಲಿ ನಾಲ್ಕು ಮಾತು ಬರಬೇಕು. ಅದಕ್ಕಾಗಿ ವಾರ್ಡಿನಕ್ಕ ದಿನವೂ ತನ್ನನ್ನು ಸೋಲಿಸಿದ ಪದಗಳನ್ನು ಸೆರಗಿನ ಗಂಟಿನಲ್ಲಿ ಕಟ್ಟಿಕೊಂಡು ಬಂದವಳಂತೆ ಒಂದೊಂದಾಗಿ ಬಿಚ್ಚುತ್ತಿದ್ದಳು. ಪೇಷಂಟ್. ಎಮರ್ಜೆನ್ಸಿ. ಸೆಕೆಂಡ್ ಫ್ಲೋರ್. ತುಟಿಯ ಮುಂದೆ ಕಾಗದದ ಚೂರು ಹಿಡಿದು, "ಪೇಷಂಟ್" ಎಂದಾಗ ಅದು ಪಟಕ್ಕನೆ ಅಲುಗುವವರೆಗೂ ಬಿಡುತ್ತಿರಲಿಲ್ಲ.

ಕೌಂಟರಿನ ಪರೀಕ್ಷೆಯ ಮಾರನೆಯ ಸಂಜೆ ಅವಳು ಬಂದು ಬೆಂಚಿನ ತುದಿಯಲ್ಲಿ ಕುಳಿತಳು. ಮುಖ ಸಪ್ಪಗಿತ್ತು.

"ಏನಾಯ್ತು?" ಎಂದು ಮಿಸ್ಸು ಪಿಸುಗುಟ್ಟಿದಳು.

"ಎಲ್ಲಾ ಸರಿ ಹೇಳಿದೆ ಮಿಸ್. ಒಂದು ಪದಾನೂ ಬಿಡಲಿಲ್ಲ," ಎಂದಳು ವಾರ್ಡಿನಕ್ಕ. "ಆದ್ರೆ ಹೆಡ್ ನರ್ಸು ಎದುರಿಗೇ ಕೂತಿದ್ದೋರು, ಏನು ಏನು ಅಂತ ಕೇಳ್ತಾನೇ ಇದ್ರು. ಜೋರಾಗಿ ಹೇಳು ಅಂದ್ರು. ಜೋರಾಗಿ ಹೇಳೋಕೆ ಹೋದ್ರೆ ಮಾತೇ ಮರೆತುಹೋಗುತ್ತೆ ಮಿಸ್. ಮೆತ್ತಗೆ ಅಂದ್ರೆ ಮಾತ್ರ ಬಾಯಿಗೆ ಬರುತ್ತೆ. ಇದೇನಮ್ಮ, ಆಸ್ಪತ್ರೇಲಿ ಗುಟ್ಟು ಹೇಳ್ತೀಯಾ ಅಂತ ನಕ್ಕರು."

ಮಿಸ್ಸು ತಂಡದತ್ತ ತಿರುಗಿ, ಬೆಂಚಿನಿಂದ ಬೆಂಚಿಗೆ ಒಬ್ಬೊಬ್ಬರಿಂದಲೂ ಒಂದೊಂದು ಮಾತು ಹೇಳಿಸಿದಳು. ತಾತ ಪಿಸುಗುಟ್ಟಿದ. ಅವನ ಪಕ್ಕದವಳು ಪಿಸುಗುಟ್ಟಿದಳು. ಟ್ಯಾಕ್ಸಿ ಓಡಿಸುವವನು, ರಸ್ತೆಯಲ್ಲಿ ಬಾಯಿ ತೆರೆದರೆ ನಾಲ್ಕು ಗಾಡಿ ಪಕ್ಕಕ್ಕೆ ಸರಿಯುವಂಥ ಆಳು, ಅವನೂ "ವೇರ್ ಡು ಯು ವಾಂಟ್ ಟು ಗೋ" ಎಂದು ಮಲಗಿದ ಮಗುವನ್ನು ಎಬ್ಬಿಸಬಾರದು ಎನ್ನುವವನಂತೆ ಉಸುರಿದ. ಅವರೆಲ್ಲ ಇಷ್ಟು ದಿನ ಮೆತ್ತಗೆ ಹೇಳುತ್ತಿದ್ದದ್ದು ತನ್ನ ಗಂಟಲಿನ ಮೇಲಿನ ಮರ್ಯಾದೆಗೆ ಎಂದುಕೊಂಡಿದ್ದಳು. ಮರ್ಯಾದೆಯೂ ಅಲ್ಲ, ಮಣ್ಣೂ ಅಲ್ಲ. ಮಿಸ್ಸು ಹೇಗೆ ಹೇಳಿಕೊಟ್ಟಳೋ ಹಾಗೆ ಕಲಿತಿದ್ದರು. ಇಂಗ್ಲಿಷ್ ಮಾತಾಡುವ ರೀತಿಯೇ ಹೀಗೆ ಎಂದುಕೊಂಡಿದ್ದರು.

ತಪ್ಪು ತನ್ನದು, ಏಟು ಬಿದ್ದದ್ದು ಸೊಂಟ ಹೋದವಳಿಗೆ.

ಗಂಟಲ ಡಾಕ್ಟರು ಕೇಳಿ ತಲೆ ಚಚ್ಚಿಕೊಂಡರು. "ಯಾರು ಹೇಳಿದ್ದು ಪಿಸುಗುಟ್ಟಿ ಅಂತ? ಪಿಸುಮಾತು ಗಂಟಲಿಗೆ ಇನ್ನೂ ಕಷ್ಟ ಕಣಮ್ಮಾ. ರೆಸ್ಟ್ ಅಂದ್ರೆ ರೆಸ್ಟ್." ಕ್ಯಾಮೆರಾ ಇಳಿಸಿದರೆ ಗಂಟುಗಳು ದಪ್ಪಗಾಗಿದ್ದವು. ಆಪರೇಷನ್ನಿಗೆ ದಿನ ಗೊತ್ತಾಯಿತು. ಅಲ್ಲಿಯವರೆಗೆ ಒಂದು ಉಸಿರಿನ ಸದ್ದೂ ಕೂಡದು, ಆಮೇಲೂ ಅವರು ಹೇಳುವವರೆಗೆ ಕೂಡದು. ದನಿ ಬರುತ್ತದೆಯೇ ಎಂದು ಗಂಡ ಕೇಳಿದ್ದಕ್ಕೆ ಡಾಕ್ಟರು "ನೋಡೋಣ" ಎಂದರು. ಗಂಡ ಮನೆಗೆ ಬರುವವರೆಗೂ ಕೂಗಲಿಲ್ಲ, ಅಷ್ಟು ಹೆದರಿದ್ದರು.

ಇಷ್ಟಾದ ಮೇಲೆ ಮಿಸ್ಸು ಮನೆಯಲ್ಲಿ ಮಲಗಬೇಕಿತ್ತು. ಆದರೆ ವಾರ್ಡಿನಕ್ಕ ಹೆಡ್ ನರ್ಸಿನ ಕೈಕಾಲು ಹಿಡಿದು ಮತ್ತೊಂದು ಅವಕಾಶ ಕೇಳಿಕೊಂಡು ಬಂದಿದ್ದಳು. ಮುಂದಿನ ವಾರ. "ನೀವು ಮಾತಾಡಬೇಡಿ ಮಿಸ್. ಸುಮ್ಮನೆ ಎದುರಿಗಿರಿ, ಸಾಕು," ಎಂದಳು. ಅದಕ್ಕೂ ಮಿಸ್ಸು ಆಗದು ಎನ್ನಲಿಲ್ಲ. ಈ ಸಲ ದಾಕ್ಷಿಣ್ಯವಲ್ಲ, ತನ್ನ ಕೈಯಾರೆ ಕೆಡಿಸಿದ್ದನ್ನು ಸರಿಮಾಡಬೇಕಿತ್ತು.

ಮೊದಲು ಮಿಸ್ಸು ಕೋಣೆಯ ಆ ತುದಿಯಲ್ಲಿ ನಿಂತಳು, ವಾರ್ಡಿನಕ್ಕ ಈ ತುದಿಯಲ್ಲಿ. ಕೇಳಿಸಿದರೆ ಮಿಸ್ಸು ಕೈ ಎತ್ತುವಳು, ಕೇಳಿಸದಿದ್ದರೆ ಕೈ ಕಟ್ಟಿಕೊಂಡೇ ನಿಲ್ಲುವಳು. ಅದು ಸಾಧ್ಯವಾದ ಮೇಲೆ ಬಾಗಿಲಾಚೆ ಹೋಗಿ ನಿಂತಳು. ಆಮೇಲೆ ಮೆಟ್ಟಿಲು ಇಳಿದು ದರ್ಜಿ ಅಂಗಡಿಯ ಮುಂದೆ. ಮೂರನೆಯ ಸಂಜೆ ಬೀದಿ ದಾಟಿ ಎದುರು ಬದಿಯ ತರಕಾರಿ ಗಾಡಿಯ ಪಕ್ಕದಲ್ಲಿ ನಿಂತಳು. ಮೇಲೆ ಕಿಟಕಿಯಲ್ಲಿ ವಾರ್ಡಿನಕ್ಕ, ನಡುವೆ ಬಸ್ಸು, ಸ್ಕೂಟರು, ಲಾರಿಗಳ ಹಾರ್ನು.

"ಸೆಕೆಂಡ್ ಫ್ಲೋರ್, ಪ್ಲೀಸ್," ಎಂದು ಕಿಟಕಿಯಿಂದ ಬಂತು. ಮಿಸ್ಸು ಕೈ ಎತ್ತಲಿಲ್ಲ.

"ಸೆಕೆಂಡ್ ಫ್ಲೋರ್, ಪ್ಲೀಸ್!" ಕೈ ಎತ್ತಲಿಲ್ಲ. ಅದು ಕೇಳಿಸಿತ್ತು, ಆದರೂ ಎತ್ತಲಿಲ್ಲ. ಅಷ್ಟು ಕಲ್ಲುಮನಸ್ಸು ಅವಳಿಗೂ ಬೇಕಾದಾಗ ಬರುತ್ತಿತ್ತು.

ವಾರ್ಡಿನಕ್ಕನಿಗೆ ಸಿಟ್ಟು ನೆತ್ತಿಗೇರಿತು. ಒದ್ದೆ ನೆಲದ ಮೇಲೆ ಚಪ್ಪಲಿ ಕಾಲಿಟ್ಟವರನ್ನು ಕಾರಿಡಾರಿನ ಆ ಕೊನೆಯಿಂದ ತಡೆದು ನಿಲ್ಲಿಸುವ ದನಿ ಅವಳ ಹತ್ತಿರ ಮೊದಲಿನಿಂದಲೂ ಇತ್ತು. ಅದನ್ನು ಇಂಗ್ಲಿಷಿಗೆ ಬಳಸಬಹುದು ಎಂದು ಅವಳಿಗೆ ಹೊಳೆದಿರಲಿಲ್ಲ. ಈಗ ಹೊಳೆಯಿತು. "ಬ್ಲಡ್ ಟೆಸ್ಟ್ ಸೆಕೆಂಡ್ ಫ್ಲೋರ್! ಪೇಷಂಟ್ಸ್ ಓನ್ಲಿ! ಪ್ಲೀಸ್ ವೇಟ್!" ಎಂದು ಕಿಟಕಿಯ ಸರಳು ಹಿಡಿದು ಕೂಗಿದಾಗ ಸ್ಕೂಟರಿನವನೊಬ್ಬ ನಿಜವಾಗಿಯೂ ಬ್ರೇಕ್ ಹಾಕಿ ನಿಂತ. ಮಿಸ್ಸು ಎರಡೂ ಕೈ ಎತ್ತಿದಳು. ತರಕಾರಿಯವಳು ಅವಳ ಕಂಕುಳ ಸಂದಿಯಿಂದ ಇಣುಕಿ, "ಮಿಸ್, ರಕ್ತ ಪರೀಕ್ಷೆ ಎರಡನೇ ಮಹಡೀಲಂತೆ" ಎಂದಳು. ದರ್ಜಿ ಕೋಲು ಹುಡುಕಿಕೊಂಡು ಒಳಗೆ ಹೋದ. ತಾತನೂ ಟ್ಯಾಕ್ಸಿಯವನೂ ತಮ್ಮ ಸರದಿಗೆ ಕಿಟಕಿಯ ಬಳಿ ನೂಕಾಡುತ್ತಿದ್ದರು. ಆ ಸಂಜೆ ಆ ಬೀದಿಯಲ್ಲಿ ನಡೆದುಹೋದವರಿಗೆಲ್ಲ ಬಿಟ್ಟಿ ಪಾಠ.

ವಾರ್ಡಿನಕ್ಕನಿಗೆ ಕೌಂಟರು ಸಿಕ್ಕಿತು. ಹೆಡ್ ನರ್ಸು ಈ ಸಲ ಸ್ವಲ್ಪ ಮೆತ್ತಗೆ ಹೇಳು ಎಂದರಂತೆ.

ಆಪರೇಷನ್ ಆಯಿತು. ಆಮೇಲಿನ ದಿನಗಳ ಬಗ್ಗೆ ಒಂದು ಮಾತು ಹೇಳಲೇಬೇಕು. ಮಿಸ್ಸು ಮನೆಯಲ್ಲಿ ಸುಮ್ಮನೆ ಕುಳಿತಳು. ಬೆಳಿಗ್ಗೆ ಎದ್ದು, ಕಿಟಕಿಯ ಬಳಿ ಕುರ್ಚಿ ಹಾಕಿಕೊಂಡು ಟೀ ಕುಡಿದಳು, ಕೊನೆಯ ಗುಟುಕು ಕೂಡ ಬಿಸಿಯಾಗಿಯೇ ಇತ್ತು. ಯಾರೂ ಅವಳನ್ನು ಏನೂ ಕೇಳುತ್ತಿರಲಿಲ್ಲ, ಕೇಳಿದರೆ ಉತ್ತರ ಬರುವುದಿಲ್ಲವಲ್ಲ. ಅತ್ತೆಗೆ ಸೊಸೆಯಲ್ಲಿ ಯಾವ ಬದಲಾವಣೆಯೂ ಕಾಣಿಸಲಿಲ್ಲ. ಗಂಡ ಅಡುಗೆಮನೆಗೆ ಬಂದು ತಾವೇ ಡಬ್ಬಗಳ ಮುಚ್ಚಳ ತೆಗೆದು ನೋಡಿ ಉಪ್ಪು ಯಾವುದು ಸಕ್ಕರೆ ಯಾವುದು ಎಂದು ಕಲಿತರು. ಮಧ್ಯಾಹ್ನ ಅವಳು ಮಲಗಿದರೆ ಸಂಜೆಯವರೆಗೂ ನಿದ್ದೆ. ಇಷ್ಟು ನಿದ್ದೆ ಮೈಯಲ್ಲಿ ಎಲ್ಲಿ ಕೂತಿತ್ತೋ ಅವಳಿಗೇ ತಿಳಿಯದು.

ಅವಳಿಗೆ ಸುಖವಾಗಿತ್ತು. ನಿಜ ಹೇಳಬೇಕೆಂದರೆ, ಮದುವೆಗೆ ಮುಂಚಿನ ದಿನಗಳಿಂದೀಚೆಗೆ ಅಷ್ಟು ಸುಖ ಕಂಡದ್ದಿಲ್ಲ. ಆ ಸುಖಕ್ಕೆ ನಾಚಿಕೆಯೂ ಆಗುತ್ತಿತ್ತು. ದನಿ ಬರಲಿ ಎಂದು ಮನೆಯವರು, ಕ್ಲಾಸಿನವರು, ದೂರದಲ್ಲಿರುವ ಮಗಳು ಎಲ್ಲರೂ ಬೇಡಿಕೊಳ್ಳುತ್ತಿದ್ದಾರೆ. ತಾನೊಬ್ಬಳು ಒಳಗೊಳಗೇ ಇನ್ನೂ ಸ್ವಲ್ಪ ದಿನ ಹೋಗಲಿ ಎನ್ನುತ್ತಿದ್ದೇನೆ ಎಂದು. ದನಿ ಹೋದರೆ ಎಂಬ ಭಯ ಇರಲಿಲ್ಲವೇ? ಇತ್ತು. ಬಂದರೆ ಎಂಬ ಭಯವೂ ಅದರ ಪಕ್ಕದಲ್ಲೇ ಬಂದು ಕುಳಿತಿತ್ತು. ಅಡಕತ್ತರಿಯಲ್ಲಿ ಸಿಕ್ಕಿದ ಅಡಕೆಯ ಪಾಡು.

ಪ್ರಿನ್ಸಿಪಾಲರು ದಿನ ಬಿಟ್ಟು ದಿನ ಫೋನು ಮಾಡುತ್ತಿದ್ದರು. ಗಂಡ ಪಡಸಾಲೆಯಲ್ಲಿ ನಿಂತು ಉತ್ತರ ಕೊಡುತ್ತಿದ್ದರು. "ಏನೂ ಯೋಚನೆ ಮಾಡ್ಬೇಡಿ ಸಾರ್. ಗಂಟಲು ತೆರೀಲಿ, ಮರುದಿನವೇ ಕಳಿಸ್ತೀನಿ. ಮನೇಲಿ ಕೂತು ಅವಳಿಗೂ ಬೇಜಾರಾಗಿದೆ." ಒಳಗೆ ಮಂಚದ ಮೇಲೆ ಮಿಸ್ಸು ಇದನ್ನೆಲ್ಲ ಕೇಳಿಸಿಕೊಂಡು ಗೋಡೆಯ ಕಡೆ ಮಗ್ಗುಲಾಗುತ್ತಿದ್ದಳು. ಹೆಂಡತಿಯ ಕೆಲಸದ ಬಗ್ಗೆ ಆ ಮನುಷ್ಯನಿಗೆ ಹೆಮ್ಮೆ. ಎಲ್ಲಿ ಹೋದರೂ "ನಮ್ಮನೆಯವಳ ಹತ್ತಿರ ಕಲಿತವರು ಎಲ್ಲೆಲ್ಲಿದ್ದಾರೆ ಗೊತ್ತಾ" ಎಂದು ಶುರುಮಾಡುತ್ತಿದ್ದರು. ಆ ಹೆಮ್ಮೆಯ ಎದುರು ಏನು ಹೇಳುವುದು ಎಂದು ಅವಳಿಗೆ ಬಾಯಿ ಇದ್ದಾಗಲೂ ತಿಳಿದಿರಲಿಲ್ಲ.

ಗಂಟಲು ತೆರೆಯುವ ದಿನ ಬಂತು. ಡಾಕ್ಟರ ಕೋಣೆಯಲ್ಲಿ ಗಂಡ ಗೋಡೆಗೆ ಒರಗಿ ಫೋನು ಹಿಡಿದುಕೊಂಡೇ ನಿಂತಿದ್ದರು. ಕೆಳಗಿನ ಕೌಂಟರಿನಿಂದ ವಾರ್ಡಿನಕ್ಕ ಇನ್ನೊಬ್ಬಳನ್ನು ಕೂರಿಸಿ ಓಡಿ ಬಂದು ಬಾಗಿಲ ಬಳಿ ನಿಂತಳು. ಇಸ್ತ್ರಿ ಮಾಡಿದ ಸಮವಸ್ತ್ರ, ಎದೆಯ ಮೇಲೆ ಬಿಲ್ಲೆ. ಡಾಕ್ಟರು ಕ್ಯಾಮೆರಾ ಇಳಿಸಿ ನೋಡಿದರು. ಎಳೆಗಳು ನುಣ್ಣಗಿದ್ದವು.

"ಆ ಅನ್ನಿ," ಎಂದರು.

"ಆ," ಎಂದಳು ಮಿಸ್ಸು. ಸದ್ದು ಬಂತು. ಅದು ತನ್ನದೇ ಎಂದು ನಂಬಲು ಅವಳಿಗೆ ಒಂದು ಗಳಿಗೆ ಹಿಡಿಯಿತು.

ಡಾಕ್ಟರು ಕ್ಯಾಮೆರಾ ಹೊರತೆಗೆದರು. "ಈಗ ಏನಾದ್ರೂ ಮಾತಾಡಿ. ಎರಡು ಮಾತು. ನಿಮಗೆ ತೋಚಿದ್ದು."

ತೋಚಿದ್ದು ಎಂದು ಯಾರೂ ಅವಳಿಗೆ ಹೇಳಿದ್ದೇ ಇಲ್ಲ. ಅವಳ ಬಾಯಿಂದ ಇಷ್ಟು ವರ್ಷ ಬಂದದ್ದೆಲ್ಲ ಬೇರೆಯವರಿಗೆ ಬೇಕಾದ ಪದಗಳು. ಅವಳು ಯೋಚಿಸಲಿಲ್ಲ. ಬಾಯಿ ತೆರೆದಳು, ತಾನಾಗಿ ಬಂತು.

"ಸಾಕಾಗಿದೆ. ನನಗೆ ಸಾಕಾಗಿದೆ."

ಸ್ಪಷ್ಟವಾಗಿ, ಒಡಕಿಲ್ಲದೆ, ಕೋಣೆ ತುಂಬುವಂತೆ.

"ಫಸ್ಟ್ ಕ್ಲಾಸ್!" ಎಂದು ಡಾಕ್ಟರು ಕೈಗವಸು ಕಳಚಿದರು. "ಒಂಚೂರೂ ಒಡಕಿಲ್ಲ. ಇಷ್ಟು ಚೆನ್ನಾಗಿ ಬರುತ್ತೆ ಅಂತ ನಾನೂ ಅಂದ್ಕೊಂಡಿರಲಿಲ್ಲ."

"ಬಂತು! ಅದೇ ದನಿ, ಹಳೇ ದನೀನೇ!" ಗಂಡನ ಕಣ್ಣು ಒದ್ದೆಯಾಗಿತ್ತು. ಬೆರಳು ಆಗಲೇ ಫೋನು ಒತ್ತಿತ್ತು. "ಸಾರ್, ಬಂತು ಸಾರ್. ಗಂಟೆ ಹೊಡೆದ ಹಾಗೆ. ಈಗ ತಾನೇ ಮಾತಾಡಿದಳು. ಸೋಮವಾರದಿಂದ ಕಳಿಸ್ತೀನಿ, ಜನಕ್ಕೆ ಹೇಳಿಬಿಡಿ."

ಮಿಸ್ಸು ಕುರ್ಚಿಯ ಮೇಲೆ ಕುಳಿತೇ ಇದ್ದಳು. ಎಲ್ಲರ ಸಂತೋಷ ನೋಡಿ ಅವಳ ಮುಖದಲ್ಲೂ ಅಭ್ಯಾಸಬಲದಿಂದ ಒಂದು ನಗು ಬರತೊಡಗಿತ್ತು. ತಲೆಯೂ ಇನ್ನೇನು ಒಪ್ಪಿಗೆಯ ಕಡೆಗೆ ಆಡುವುದರಲ್ಲಿತ್ತು.

"ಅಣ್ಣಾ," ಎಂದಳು ವಾರ್ಡಿನಕ್ಕ ಬಾಗಿಲಿನಿಂದ. ಹೊರಗೆ ಕಾರಿಡಾರಿನಲ್ಲಿ ಕಾದಿದ್ದವರು ತಿರುಗಿ ನೋಡುವಂಥ ದನಿ. "ಫೋನ್ ಇಡಿ ಅಣ್ಣಾ. ಮಿಸ್ ಏನಂದ್ರು ಅಂತ ಕೇಳಿಸ್ತಾ ನಿಮಗೆ?"

"ಕೇಳಿಸ್ತಲ್ಲಮ್ಮಾ, ಎಷ್ಟು ಚೆನ್ನಾಗಿ..."

"ದನಿ ಕೇಳಿಸ್ತು ನಿಮಗೆ. ಅವರು ಸಾಕಾಗಿದೆ ಅಂದ್ರು."

ಡಾಕ್ಟರು ಕೈ ತೊಳೆಯುವುದನ್ನು ನಿಲ್ಲಿಸಿ ಹಿಂದಿರುಗಿ ನೋಡಿದರು. ಫೋನಿನಲ್ಲಿ ಪ್ರಿನ್ಸಿಪಾಲರು "ಹಲೋ? ಸೋಮವಾರ ತಾನೇ? ಹಲೋ?" ಎನ್ನುತ್ತಿದ್ದರು. ಗಂಡ ಫೋನನ್ನು ಎದೆಗೆ ಒತ್ತಿಕೊಂಡು ಮಿಸ್ಸನ್ನು ನೋಡಿದರು. ವರ್ಷಗಳಿಂದ ಆ ಮನುಷ್ಯ ಒಂದು ಪ್ರಶ್ನೆ ಕೇಳಿ ಉತ್ತರಕ್ಕೆ ಕಾದದ್ದಿಲ್ಲ.

"ಏನಂದೆ?" ಎಂದು ಕೇಳಿದರು. ಕೂಗಲಿಲ್ಲ.

ಮೊದಲ ಸಲ ಸುಲಭವಾಗಿತ್ತು, ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ. ಈಗ ಒಬ್ಬ ಮನುಷ್ಯ ಕಾಯುತ್ತಿದ್ದಾನೆ. ಮಿಸ್ಸಿನ ಕಣ್ಣು ತುಂಬಿ ಬಂತು, ಗಟ್ಟಿಯಾಗಿದ್ದ ದನಿ ತೆಳ್ಳಗಾಯಿತು.

"ನನಗೆ ಸಾಕಾಗಿದೆ ಕಣ್ರೀ," ಎಂದಳು. "ಇನ್ನು ಆಗೋದಿಲ್ಲ."

ಗಂಡ ಫೋನು ಕಿವಿಗಿಟ್ಟುಕೊಂಡು "ಸೋಮವಾರ ಬರೋದಿಲ್ಲ ಸಾರ್," ಎಂದರು. ಆ ಕಡೆಯಿಂದ ಏನೋ ಕೇಳಿದರು. "ಇಲ್ಲ. ಆಮೇಲೂ ಇಲ್ಲ ಅಂತ ಕಾಣುತ್ತೆ." ಫೋನು ಆರಿಸಿ ಜೇಬಿಗೆ ಹಾಕಿ, ಮೂಲೆಯಲ್ಲಿದ್ದ ಸ್ಟೂಲು ಎಳೆದುಕೊಂಡು ಹೆಂಡತಿಯ ಎದುರಿಗೆ ಕುಳಿತರು. ಅವಳ ಬಾಯಿಯನ್ನೇ ನೋಡಿದರು.

"ಎಷ್ಟು ವರ್ಷದಿಂದ?" ಎಂದು ಕೇಳಿದರು.